ಪದಚರ್ಚೆ: ‘ಲೆಗಸಿ’ ಸಾಫ್ಟ್‌ವೇರ್‌ಗೆ ‘ಪಾರಂಪರಿಕ’ ಹೊಂದುತ್ತದೆಯೇ?

ನಮಸ್ಕಾರ. ಮಂಡ್ಯ ಕಡೆಯ ಒಂದು ಹಾಲಿನ ಡೈರಿಗೆ ಕನ್ನಡದಲ್ಲೇ ವರದಿ ಬರೆಯುತ್ತಿದ್ದೇನೆ. ಪದಗಳಿಗೆ ತಡಕಾಡುವಂತಾಗಿದೆ.

ಅವರ ಬಟವಾಡೆ ಲೆಕ್ಕದ ಸಾಫ್ಟ್‌ವೇರ್ ವಿಷುಯಲ್ ಬೇಸಿಕ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಅದು 1998ರಲ್ಲಿ ಬಂದ ಆವೃತ್ತಿ. ಅದರಲ್ಲಿ ಪ್ರೋಗ್ರಾಂ ಬರೆಯುವ ಸಲಕರಣೆಯನ್ನು ಮೈಕ್ರೋಸಾಫ್ಟ್ 2008ರಲ್ಲೇ ಕೈಬಿಟ್ಟಿತು. ಡೈರಿಗೆ ಬರೆದುಕೊಟ್ಟ ಹುಡುಗ ಈಗ ಊರಲ್ಲಿಲ್ಲ. ಆದರೂ ಬಟವಾಡೆ ಅದರಿಂದಲೇ ಆಗಬೇಕು. ಇದನ್ನು ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲದರಲ್ಲೂ ಓಡುವಂತೆ ಮಾಡಬಹುದಾ ಎಂದು ನಾನು ನೋಡಿ ಹೇಳಬೇಕು.

ಹೀಗೆ ಹಳತಾದರೂ ಬಿಡಲಾಗದ ಸಾಫ್ಟ್‌ವೇರಿಗೆ ಇಂಗ್ಲಿಷಿನಲ್ಲಿ ‘ಲೆಗಸಿ’ ಅನ್ನುತ್ತಾರೆ. ಮೊದಲ ಕರಡಿನಲ್ಲಿ ಅದಕ್ಕೆ ‘ಪಾರಂಪರಿಕ ತಂತ್ರಾಂಶ’ ಎಂದು ಬರೆದೆ. ಕಾರ್ಯದರ್ಶಿ ಓದಿ, “ಪಾರಂಪರಿಕ ಅಂದ್ರೆ ಕೆಡವಬಾರ್ದು ಅಲ್ವಾ ಸಾರ್? ಮೈಸೂರಿನ ದೇವರಾಜ ಮಾರ್ಕೆಟ್ ಥರ?” ಅಂದರು. ನಾನು ಹೇಳಹೊರಟಿದ್ದು ಇದರ ಉಲ್ಟಾ! ಸುಮ್ನೆ ‘ಹಳೆಯ’ ಅಂದರೂ ಸಾಲದು. ಸಿ ಭಾಷೆ 1970ರ ದಶಕದ್ದು, ಇವತ್ತಿಗೂ ಹೊಸ ಕೆಲಸಕ್ಕೆ ಬಳಸುತ್ತಾರೆ. ಬಿಟ್ಟರೆ ಕೆಲಸ ನಿಲ್ಲುತ್ತದೆ, ಕೆಟ್ಟರೆ ಸರಿಮಾಡುವವರಿಲ್ಲ. ಆ ಇಕ್ಕಟ್ಟು ‘ಹಳೆಯ’ದಲ್ಲಿ ಬರುವುದಿಲ್ಲ. ‘ಪಿತ್ರಾರ್ಜಿತ’ ಅಂದರೆ ಪಾಲು, ಪಹಣಿ, ಕೋರ್ಟು ನೆನಪಾಗುತ್ತವೆ. ‘ಬಳುವಳಿ’ ಇಷ್ಟವಾಯಿತು, ಆದರೆ ಅದರಲ್ಲಿ ತವರಿನ ಪ್ರೀತಿ ಜಾಸ್ತಿ.

ಇನ್ನು ‘ಮೈಗ್ರೇಶನ್’, ಅಂದರೆ ಸಾಫ್ಟ್‌ವೇರನ್ನು ಹಳೆಯದರಿಂದ ಹೊಸ ವ್ಯವಸ್ಥೆಗೆ ಒಯ್ಯುವುದು. ‘ವಲಸೆ’ ಅನ್ನೋಣವೆಂದರೆ, ವಲಸೆ ಹೋಗುವುದು ಜನ, ಹಕ್ಕಿ. ಸಾಫ್ಟ್‌ವೇರ್ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ‘ಸ್ಥಳಾಂತರ’ ಅಂದರೆ ನನಗೆ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಕಣ್ಮುಂದೆ ಬರುತ್ತದೆ. ಹಿನ್ನೀರಿನಲ್ಲಿದ್ದ ಗುಡಿಯ ಕಲ್ಲುಗಳಿಗೆ ನಂಬರ್ ಹಾಕಿ, ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಜೋಡಿಸಿದರು. ಈ ಸಾಫ್ಟ್‌ವೇರಿನಲ್ಲಿ ಹಾಗೆ ಎಲ್ಲ ಕಲ್ಲೂ ಬರುವುದಿಲ್ಲ. ಫ್ಯಾಟ್ ನೋಡಿ ಲೀಟರಿಗೆ ದರ ಹಾಕುವ ಲೆಕ್ಕ ಹಾಗೇ ಬರುತ್ತದೆ. ವಿಂಡೋಸ್‌ಗೇ ಅಂಟಿಕೊಂಡ ಪರದೆಗಳನ್ನು ಹೊಸದಾಗಿ ಬರೆಯಬೇಕು. ಹಳೇ ನುಡಿ ಫಾಂಟಿನಲ್ಲಿ ತುಂಬಿದ ರೈತರ ಹೆಸರುಗಳಂತೂ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸದೆ ಗತಿಯಿಲ್ಲ. ಈ ಮೂರು ಕೆಲಸಕ್ಕೂ ಸೇರಿ ಒಂದು ಮಾತು ಇದೆಯಾ?

ಇದು ಆಗುತ್ತದಾ ಎಂದು ನೋಡಿ ಹೇಳುವ ‘ಅಸೆಸ್‌ಮೆಂಟ್’ದೂ ಇದೇ ಗೋಳು. ‘ಮೌಲ್ಯಮಾಪನ’ ಅಂದರೆ ಎಸ್‌ಎಸ್‌ಎಲ್‌ಸಿ ಪತ್ರಿಕೆ ತಿದ್ದುವುದು. ‘ತಪಾಸಣೆ’ ಎಂದು ಬರೆದರೆ ಡೈರಿಯಲ್ಲಿ ಆಡಿಟ್ ಬಂತಾ ಎಂದು ಗಾಬರಿಯಾದರು. ಸದ್ಯಕ್ಕೆ ‘ಪರಿಶೀಲನೆ’ ಇಟ್ಟಿದ್ದೇನೆ.

‘ಲೆಗಸಿ’ಯ ಜಾಗ ಇನ್ನೂ ಖಾಲಿ. ಡೈರಿಯಲ್ಲಿ ಅದನ್ನು ಎಲ್ಲರೂ ‘ಆ ಹುಡುಗನ ಪ್ರೋಗ್ರಾಂ’ ಅಂತಾರೆ. ಅರ್ಥ ಅಚ್ಚುಕಟ್ಟಾಗಿದೆ, ಆದರೆ ವರದಿಯಲ್ಲಿ ಹಾಗೆ ಬರೆಯೋದು ಹೇಗೆ?