ಬೆಂಗಳೂರಿಂದ ಕಲಬುರಗಿಗೆ ಕಾರಿನ್ಯಾಗ ಬಿಯರ್: ಬ್ಯಾಸಗ್ಯಾಗ ಕೆಡದಂಗ ಹೆಂಗ ತರಬೇಕು?

ಸೂಪರ್‌ಮಾರ್ಕೆಟ್_ಕಲಬುರಗಿ
ಏಪ್ರಿಲ್ ಕಡೀ ವಾರದಾಗ ಬೆಂಗಳೂರಿಂದ 330 ಎಂಎಲ್‌ನ 12 ಬಾಟ್ಲಿ ಗೋಧಿ ಬಿಯರ್ (ಸೋಸಲಾರದ್ದು, ತಳದಾಗ ಈಸ್ಟ್ ಇರ್ತದ), ಅಷ್ಟೇ ಅಳತೀವು 6 ಕ್ಯಾನ್ ಐಪಿಎ (ಹಾಪ್ಸ್ ಅನ್ನೋ ಹೂವು ಜಾಸ್ತಿ ಹಾಕಿದ, ಕಹಿ-ಘಮದ ಬಿಯರ್) ತರೋದದ. ಸಣ್ಣ ಕಾರು, ಡಿಕ್ಕಿಗೆ ಎಸಿ ಗಾಳಿ ಮುಟ್ಟಂಗಿಲ್ಲ. ಹಾದಿ ನಿಂತು ನಿಂತು 12 ತಾಸು. ಒಮ್ಮೆ ತಣ್ಣಗಾಗಿದ್ದು ಮತ್ತ ಬಿಸಿಯಾದ್ರ ಬಿಯರ್ ಸತ್ತು ಹೋಗ್ತದ ಅಂತಾರ. ಹಂಗಿದ್ರ ತಣ್ಣಗ ಮಾಡದೇ ತರೋದು ಚಲೋನ?

ಜೇವರ್ಗಿ_ಕ್ರಾಸ್
ಆ ಮಾತು ನಂಬಬ್ಯಾಡ್ರಿ. ತಣ್ಣಗಾಗಿ ಬಿಸಿಯಾಗೋದ್ರಿಂದ ರುಚಿ ಕೆಡಂಗಿಲ್ಲ. ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನೋದರ ಮ್ಯಾಲ ಎಲ್ಲಾ ನಿಂತದ. ಬಿಯರ್ ಮಾಡೋ ಮಂದಿ 3-30-300 ಅಂತ ಒಂದು ಅಂದಾಜು ಹಿಡೀತಾರ: 32 ಡಿಗ್ರಿಯೊಳಗ 3 ದಿನಕ್ಕ ಆಗೋ ಹಾನಿ, 22 ಡಿಗ್ರಿಯೊಳಗ 30 ದಿನಕ್ಕ, 3 ಡಿಗ್ರಿಯೊಳಗ 300 ದಿನಕ್ಕ ಆಗ್ತದ. ನಮ್ಮ ಕಡೆ ಏಪ್ರಿಲ್‌ದಾಗ ನೆರಳಿನ್ಯಾಗೇ 40 ದಾಟ್ತದ, ಬಿಸಿಲಿಗಿ ನಿಂತ ಕಾರಿನೊಳಗ 60. ಮೊದಲು ಹೋಗೋದು ಐಪಿಎದ ಹಾಪ್ಸ್ ಘಮ. ಆಮ್ಯಾಲ ನೆಂದ ರಟ್ಟಿನ ವಾಸನಿ ಹುಟ್ತದ. ನಿಮ್ಮ ಗೋಧಿ ಬಿಯರ್‌ನಾಗ ಗ್ಯಾಸ್ ಜಾಸ್ತಿ, 20ರಿಂದ 40 ಡಿಗ್ರಿಗೆ ಹೋದ್ರ ಬಾಟ್ಲಿ ಒಳಗಿನ ಒತ್ತಡ ಸುಮಾರು ಒಂದೂವರೆ ಪಟ್ಟಾಗ್ತದ. ತಣ್ಣಗ ಮಾಡಿಯೇ ತರ್ರಿ.

ಬರ್ಫ್_ಲೆಕ್ಕ
ಹಿಂದಿನ ರಾತ್ರಿನೇ ಫ್ರಿಜ್‌ದಾಗ ಇಟ್ಟು 4–5 ಡಿಗ್ರಿಗೆ ತರ್ರಿ. ಇದನ್ನ ಬಿಟ್ರ ಬರ್ಫ್ ದಂಡ: ನಿಮ್ಮ 6 ಲೀಟರ್ ಬಿಯರ್ ಮತ್ತ ಅದರ ಗಾಜನ್ನ 30ರಿಂದ 5 ಡಿಗ್ರಿಗೆ ಇಳಸಾಕ 2 ಕಿಲೋ ಬರ್ಫ್ ಕರಗಿ ಹೋಗ್ತದ, ಹಾದಿಗಿ ಏನೂ ಉಳಿಯಂಗಿಲ್ಲ.

40 ಲೀಟರಿನ, ಒಂದಿಂಚು ದಪ್ಪದ ಥರ್ಮೋಕೋಲ್ ಪೆಟ್ಟಿಗಿ ಸಾಕು. 12 ತಾಸಿಗಿ ಡಿಕ್ಕಿಯೊಳಗಾದ್ರ ಸುಮಾರು 5 ಕಿಲೋ ಬರ್ಫ್ ಬೇಕು, ಎಸಿ ಇರೋ ಹಿಂದಿನ ಸೀಟಿನ ಕೆಳಗಾದ್ರ 3 ಕಿಲೋ. ಹಂಗಾಗಿ ಸೀಟಿನ ಕಡೆನೇ ಇಡ್ರಿ. ಬಿಡಿ ಬರ್ಫ್‌ಗಿಂತ ಲೀಟರ್ ನೀರಿನ ಬಾಟ್ಲಿ ಗಟ್ಟಿ ಮಾಡಿ ಹಾಕೋದು ಚಲೋ, ಲೇಬಲ್ ನೆನೆಯಂಗಿಲ್ಲ. ನೀರು ಕತ್ತಿನ ತನಕ ತುಂಬಬ್ಯಾಡ್ರಿ, ಹೆಪ್ಪುಗಟ್ಟಿದಾಗ ಉಬ್ಬತದ. ಅವನ್ನ ಬಿಯರ್ ಮ್ಯಾಲ ಇಡ್ರಿ, ಥಂಡಿ ಕೆಳಗ ಇಳೀತದ. ಉಳಿದ ಸಂದಿಗೆಲ್ಲಾ ಪೇಪರ್ ತುರುಕ್ರಿ, ಮುಚ್ಚಳಕ್ಕ ಟೇಪ್ ಸುತ್ರಿ, ಪೆಟ್ಟಿಗಿ ಮ್ಯಾಲ ಕೌದಿ ಹೊಚ್ರಿ. ಬರ್ಫ್‌ಗೆ ಉಪ್ಪು ಮಾತ್ರ ಹಾಕಬ್ಯಾಡ್ರಿ. ಬಿಯರ್ ಸೊನ್ನೆಗಿಂತ 2–3 ಡಿಗ್ರಿ ಕೆಳಗ ಹೆಪ್ಪುಗಟ್ತದ, ಬಾಟ್ಲಿ ಸೀಳ್ತದ.

ಬೀದರ್_ಚೌಬಾರಾ
ಬೆಳಕಿನ ಮಾತು ಯಾರೂ ಎತ್ತಲಿಲ್ಲ. ಬಿಸಿಲು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಕೆಟ್ಟ ವಾಸನೆ ಬರುತ್ತದೆ. ಬಿಳಿ ಅಥವಾ ಹಸಿರು ಬಾಟಲಿ ನೇರ ಬಿಸಿಲಿನಲ್ಲಿ ನಿಮಿಷಗಳಲ್ಲೇ ಕೆಡುತ್ತದೆ. ಕಂದು ಗಾಜು ಬಹಳಷ್ಟು ತಡೆಯುತ್ತದೆ, ಪೂರ್ತಿ ಅಲ್ಲ. ಕ್ಯಾನ್‌ಗೆ ಆ ಭಯವಿಲ್ಲ. ಹಾಗಾಗಿ ಊಟಕ್ಕೆ ನಿಂತಾಗ ಪೆಟ್ಟಿಗೆ ತೆರೆದಿಡಬೇಡಿ, ಕಾರನ್ನು ಬೇವಿನ ನೆರಳಿಗೆ ಹಾಕಿ.

ಇನ್ನೊಂದು ಮುಖ್ಯ ವಿಷಯ: ಹೊಸಪೇಟೆ, ಲಿಂಗಸುಗೂರು, ಶಹಾಪುರ, ಜೇವರ್ಗಿ ಮೇಲೆ ಬನ್ನಿ, ಪೂರ್ತಿ ಕರ್ನಾಟಕದೊಳಗೇ ಇರುತ್ತೀರಿ. ಅನಂತಪುರದ ಹಾದಿ ಹಿಡಿದರೆ ಆಂಧ್ರ ಹೊಕ್ಕು ಬರಬೇಕು, ಗಡಿಯಲ್ಲಿ ಮದ್ಯ ಸಿಕ್ಕರೆ ತೊಂದರೆ. ಅಂಗಡಿಯ ಬಿಲ್ ಇಟ್ಟುಕೊಳ್ಳಿ, ಯಾವುದರ ಮುಚ್ಚಳವನ್ನೂ ತೆರೆಯಬೇಡಿ.

ಸೂಪರ್‌ಮಾರ್ಕೆಟ್_ಕಲಬುರಗಿ
ಭಾಳ ಉಪಕಾರ ಆತ್ರಿ. ಲಿಂಗಸುಗೂರು ಹಾದಿನೇ ಹಿಡೀತೀನಿ. ಬಾಟ್ಲಿ ನಿಲ್ಲಸಬೇಕೋ, ಮಲಗಿಸಬೇಕೋ? ಕುಲುಕಾಟಕ್ಕ ಏನರೆ ಆಗ್ತದೇನ್ರಿ?

ಜೇವರ್ಗಿ_ಕ್ರಾಸ್
ನಿಲ್ಲಸ್ರಿ. ಮಲಗಿಸಿದ್ರ ಈಸ್ಟ್ ಬಾಟ್ಲಿ ಬಗಲಿಗಿ ಹತ್ತತದ, ಬಿಯರ್ ಗಾಳಿಗಿ ತಾಗೋ ಜಾಗಾನೂ ಹೆಚ್ಚಾಗ್ತದ. ಒಂದೊಂದು ಬಾಟ್ಲಿಗಿ ಹಳೀ ಕಾಲುಚೀಲ ಹಾಕಿದ್ರ ಗಾಜಿಗೆ ಗಾಜು ಬಡಿಯಂಗಿಲ್ಲ. ಕುಲುಕಾಟಕ್ಕ ರುಚಿ ಕೆಡಂಗಿಲ್ಲ, ಆದ್ರ ಊರು ಮುಟ್ಟಿದ ಕೂಡ್ಲೇ ತೆಗೆದ್ರ ಅರ್ಧ ಬಾಟ್ಲಿ ನೊರಿಯಾಗಿ ಹೊರಗ ಬೀಳ್ತದ. ಒಂದು ದಿನ ಫ್ರಿಜ್‌ದಾಗ ನಿಲ್ಲಿಸಿಡ್ರಿ. ಐಪಿಎ ಮೊದಲು ಮುಗಸ್ರಿ. ಗೋಧಿ ಬಿಯರ್ ಮುಕ್ಕಾಲು ಗ್ಲಾಸಿಗಿ ಬಗ್ಗಿಸಿದ ಮ್ಯಾಲ ಬಾಟ್ಲಿ ಮೆಲ್ಲಕ ತಿರುವಿ, ತಳದ ಈಸ್ಟ್ ಎಬ್ಬಿಸಿ, ಉಳಿದದ್ದು ಹಾಕ್ರಿ.