ಸ್ಪೀಡ್ ಮೇಲೆ ಎನರ್ಜಿ ಡ್ರಿಂಕ್: ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನ ರೂಮ್‌ಮೇಟ್ ಪಾರ್ಟಿಗೆ ಹೋದಾಗ ಸ್ಪೀಡ್ (ಆಂಫೆಟಮಿನ್ ಪುಡಿ) ತಗೋತಾನೆ, ಕೆಲವೊಮ್ಮೆ ಎಂಡಿಎಂಎ (ಎಕ್ಸ್ಟಸಿ). ಜೊತೆಗೆ ರಾತ್ರಿಯಿಡೀ ಎನರ್ಜಿ ಡ್ರಿಂಕ್. ಮೊನ್ನೆ ಬೆಳಗಿನ ಜಾವದ ತನಕ ಎದೆ ಡವಡವ, ಕೈ ನಡುಕ, ಕಣ್ಣು ಮುಚ್ಚಿದರೂ ನಿದ್ದೆ ಇಲ್ಲ. ‘ಬರೀ ಕಾಫಿ ಕುಡಿದ ಹಾಗೆ, ಏನೂ ಆಗಲ್ಲ’ ಅಂತಾನೆ. ಹೌದಾ? ಬುದ್ಧಿವಾದ ಬೇಡ, ಗೊತ್ತಿರೋದು ಹೇಳಿ.

ಹಳೇ ಹುಲಿ: ನಾನು ಇದನ್ನೆಲ್ಲ ಬಿಟ್ಟು ಬಹಳ ಕಾಲ ಆಯ್ತು. ನಮ್ಮ ಗುಂಪಿನಲ್ಲಿ ಮಜಾ ಬೇಕು ಅಂತ ಕ್ಯಾನ್ ಒಡೆಯುತ್ತಿದ್ದವರು ಕಡಿಮೆ. ಪುಡಿಯ ಅಮಲು ಇಳಿಯುವಾಗ ಮೈ ಸೋಲುತ್ತಲ್ಲ, ಅದನ್ನು ತಳ್ಳೋಕೆ ಕುಡಿಯುತ್ತಿದ್ದರು. ಸುಸ್ತು ಹೋದಂತೆ ಅನಿಸುತ್ತೆ, ಹೋಗಿರಲ್ಲ. ‘ಇನ್ನೂ ದಮ್ ಇದೆ’ ಅಂತ ಮತ್ತೊಂದು ಡೋಸ್ ಹಾಕುತ್ತಾರೆ. ಕೆಟ್ಟದ್ದೆಲ್ಲ ಆಗೋದು ಆ ಎರಡನೇ ಡೋಸ್‌ನಲ್ಲೇ.

ರಾತ್ರಿ ಪಾಳಿ ನರ್ಸ್: ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವಳು, ಸ್ವಲ್ಪ ಉದ್ದ ಬರೀತೀನಿ. ಸಾಕು, ಮಲಗು ಅಂತ ಮೆದುಳಿಗೆ ಸೂಚನೆ ಕೊಡೋದು ಅಡೆನೊಸಿನ್. ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂತುಬಿಡುತ್ತೆ. ಹುರುಪು ಕೊಡುವ ಮೆದುಳಿನ ರಾಸಾಯನಿಕ ಡೋಪಮೈನ್ ಹರಿಯೋದಕ್ಕೆ ಕಡಿವಾಣ ಹಾಕೋದೂ ಅಡೆನೊಸಿನ್ನೇ. ಸ್ಪೀಡ್ ಒಂದು ಕಡೆ ಡೋಪಮೈನ್, ನಾರ್ ಅಡ್ರಿನಾಲಿನ್ ಸುರಿಯುತ್ತಿರುವಾಗ ಕೆಫೀನ್ ಇನ್ನೊಂದು ಕಡೆ ಕಡಿವಾಣ ಬಿಚ್ಚುತ್ತೆ. ಹಾಗಾಗಿ ನಾಡಿ ಬಡಿತ, ಬಿಪಿ ಎರಡೂ ಏರುತ್ತವೆ. ಕೊಕೇನ್ ಆದರೆ ಹೃದಯದ ರಕ್ತನಾಳಗಳನ್ನೇ ಬಿಗಿ ಮಾಡುತ್ತೆ. ಹೃದಯಕ್ಕೆ ಹೆಚ್ಚು ರಕ್ತ ಬೇಕಾದ ಹೊತ್ತಿಗೇ ಸಿಗೋದು ಕಮ್ಮಿ. ವಯಸ್ಸು ಚಿಕ್ಕದು ಅಂತ ಹಾರ್ಟ್ ಅಟ್ಯಾಕ್ ಬಿಡಲ್ಲ.

ಎಂಡಿಎಂಎ ವಿಷಯದಲ್ಲಿ ನನಗೆ ಹೆಚ್ಚು ಭಯ ಮೈಬಿಸಿ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕೆಫೀನ್ ಸೇರಿಸಿದಾಗ ಮೈಬಿಸಿಯೂ ಏರಿತು, ಸಾವೂ ಹೆಚ್ಚಾಯಿತು. ಮೈ ಕಾದಿದೆ, ದವಡೆ ಬಿಗಿದಿದೆ, ಹೆಸರು ಕೇಳಿದರೆ ಅಡ್ಡಾದಿಡ್ಡಿ ಉತ್ತರ ಅಂದರೆ ಕಾಯಬೇಡಿ. ಇದಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡಲ್ಲ, ಇದು ಸೋಂಕಿನ ಜ್ವರ ಅಲ್ಲ. ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ, ಆಂಬುಲೆನ್ಸ್ ಕರೆಯಿರಿ. ಹಾಗಂತ ಲೀಟರ್‌ಗಟ್ಟಲೆ ನೀರು ಕುಡಿಸಬೇಡಿ. ಎಂಡಿಎಂಎ ಮೈಯಲ್ಲಿ ನೀರು ಹಿಡಿದಿಡುತ್ತೆ, ರಕ್ತದಲ್ಲಿ ಸೋಡಿಯಂ ಕುಸಿದು ಫಿಟ್ಸ್ ಬರಬಹುದು.

ಲೆಕ್ಕದವ: 250 ಮಿಲಿ ಕ್ಯಾನ್‌ನಲ್ಲಿ ಸಾಮಾನ್ಯವಾಗಿ 80 ಮಿಗ್ರಾಂ ಕೆಫೀನ್, 500ರದ್ದಾದರೆ 160. ಜಿಮ್‌ನವರ ಪ್ರೀ-ವರ್ಕೌಟ್ ಪುಡಿ ಒಂದೇ ಸ್ಕೂಪ್‌ಗೆ 200–300 ಇರೋದೂ ಉಂಟು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ತನಕ ಪರವಾಗಿಲ್ಲ ಅನ್ನೋದು ಬರೀ ಕೆಫೀನ್‌ಗೆ ಹೇಳಿದ ಮಾತು, ಸ್ಪೀಡ್ ಜೊತೆಗಲ್ಲ. ಇನ್ನೊಂದು, ಬೀದಿಯಲ್ಲಿ ಸಿಗುವ ಸ್ಪೀಡ್‌ಗೆ ಕೆಫೀನ್ ಬೆರೆಸೋದು ಮಾಮೂಲು. ನಿಮ್ಮ ರೂಮ್‌ಮೇಟ್ ಕ್ಯಾನ್ ಮುಟ್ಟುವ ಮೊದಲೇ ಎಷ್ಟು ಒಳಗೆ ಹೋಗಿರುತ್ತೋ ದೇವರೇ ಬಲ್ಲ.

ಎಡಿಎಚ್‌ಡಿ ಹುಡುಗಿ: ನಂದು ಗಮನ ನಿಲ್ಲದ ತೊಂದರೆಗೆ (ಎಡಿಎಚ್‌ಡಿ) ಡಾಕ್ಟರ್ ಬರೆದ ಮೀಥೈಲ್‌ಫೆನಿಡೇಟ್, ಅದೂ ಉತ್ತೇಜಕವೇ, ಆದರೆ ಅಳೆದು ಕೊಟ್ಟ ಡೋಸ್. ಅದರ ಮೇಲೆ ಒಂದು ಸ್ಟ್ರಾಂಗ್ ಕಾಫಿ ಬಿದ್ದರೂ ಬೆರಳು ಅದುರಿ ಫೋನ್‌ನಲ್ಲಿ ಟೈಪ್ ಮಾಡೋಕಾಗಲ್ಲ. ಅಳತೆಯೇ ಗೊತ್ತಿಲ್ಲದ ಪುಡಿಯ ಮೇಲೆ ಹೇಗಿರಬಹುದು ಊಹಿಸಿ.

ಪ್ರಶ್ನೆ ಕೇಳಿದವ: ಪುಡಿಗೂ ಕ್ಯಾನ್‌ಗೂ ಮಧ್ಯೆ ಎಷ್ಟು ಗಂಟೆ ಬಿಟ್ಟರೆ ಸರಿ?

ಲೆಕ್ಕದವ: ಇಷ್ಟು ಬಿಟ್ಟರೆ ಸೇಫ್ ಅನ್ನೋ ಗಡುವೇ ಇಲ್ಲ. ಕೆಫೀನ್ ಅರ್ಧಕ್ಕೆ ಇಳಿಯೋಕೆ ಸುಮಾರು 5 ಗಂಟೆ ಬೇಕು. ರಾತ್ರಿ 11ಕ್ಕೆ 160 ಕುಡಿದರೆ ಬೆಳಗಿನ ಜಾವ 4ಕ್ಕೂ 80 ಉಳಿದಿರುತ್ತೆ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ ಹೆಚ್ಚುಕಮ್ಮಿ ಇದರ ಎರಡರಷ್ಟು ಹೊತ್ತು. ಆಂಫೆಟಮಿನ್ ಅಂತೂ ಕೆಫೀನ್‌ಗಿಂತ ನಿಧಾನ. ಎರಡೂ ಒಂದರ ಮೇಲೊಂದು ಬಿದ್ದೇ ಬೀಳುತ್ತವೆ.

ಪ್ರಶ್ನೆ ಕೇಳಿದವ: ಎದೆ ಬಡಿತ ಇಳಿಸೋಕೆ ಅಂತ ಅವರಪ್ಪನ ಬಿಪಿ ಮಾತ್ರೆ ಎತ್ತಿಟ್ಟುಕೊಂಡಿದ್ದಾನೆ...

ರಾತ್ರಿ ಪಾಳಿ ನರ್ಸ್: ಅದನ್ನ ಇವತ್ತೇ ವಾಪಸ್ ಇಡಿಸಿ. ಕೊಕೇನ್ ಮೈಯಲ್ಲಿದ್ದಾಗ ಬೀಟಾ ಬ್ಲಾಕರ್ ಅನ್ನೋ ಜಾತಿಯ ಕೆಲವು ಬಿಪಿ ಮಾತ್ರೆಗಳಿಂದ ಹೃದಯದ ರಕ್ತನಾಳ ಇನ್ನೂ ಬಿಗಿಯಾಗಬಹುದು. ಎದೆನೋವು, ಉಸಿರು ಕಟ್ಟೋದು, ತಲೆ ಸುತ್ತಿ ಬೀಳೋದು, ಫಿಟ್ಸ್, ಯಾವುದಾದರೂ ಸರಿ, ನೇರ ಆಸ್ಪತ್ರೆಗೆ ಕರೆತನ್ನಿ. ನಾವು ಇಸಿಜಿ ನೋಡಿ, ಡ್ರಿಪ್ ಹಾಕಿ, ಬೇಕಾದರೆ ಡಯಾಜೆಪಾಮ್ ಥರದ್ದು ಕೊಟ್ಟು ಶಾಂತ ಮಾಡ್ತೀವಿ. ಮುಚ್ಚಿಡಬೇಡಿ ಮಾರಾಯ್ರೆ. ಏನು ತಗೊಂಡ, ಎಷ್ಟು ಗಂಟೆಗೆ, ಎಷ್ಟು ಕ್ಯಾನ್ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ.

ಪ್ರಶ್ನೆ ಕೇಳಿದವ: ಎಲ್ಲ ಓದಿ ಹೇಳಿದೆ. ಮಾತ್ರೆ ಕೊಟ್ಟ. ಕ್ಯಾನ್ ಬಿಡ್ತೀನಿ, ಪುಡಿ ವಿಷಯ ಆಮೇಲೆ ಮಾತಾಡೋಣ ಅಂದ.

ಹಳೇ ಹುಲಿ: ಆಮೇಲೆ ಅಂದನಲ್ಲ, ದಿನ ಗೊತ್ತು ಮಾಡಿಸಿಕೊಳ್ಳಿ. ಪಾರ್ಟಿಯ ಮಾರನೇ ದಿನ ಬೇಡ, ಆಗ ತಲೆ ಚಿಟ್ಟು ಹಿಡಿದಿರುತ್ತೆ, ಜಗಳ ಆಗುತ್ತೆ.