ಪಿಎಸ್‌ಸಿ, ಕೊಲೈಟಿಸ್ ಎರಡೂ ಇದ್ದರೆ: ಲಿವರ್ ಡಾಕ್ಟರಿಗೆ ಕೇಳಿ

ಅಕ್ಕ: ಡಾಕ್ಟ್ರೇ, ತಮ್ಮನಿಗೆ 26 ವರ್ಷ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಹತೋಟಿಯಲ್ಲಿದೆ. ಲಿವರ್ ಟೆಸ್ಟಲ್ಲಿ ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಬಂತು, ಎಂಆರ್‌ಸಿಪಿ (ಪಿತ್ತನಾಳದ ಸ್ಕ್ಯಾನ್) ನೋಡಿ ಪಿಎಸ್‌ಸಿ ಅಂದರು, ಅಂದ್ರೆ ಲಿವರಿನ ಪಿತ್ತನಾಳಗಳು ಕಲೆಗಟ್ಟಿ ಕಿರಿದಾಗೋ ಕಾಯಿಲೆ. ವರ್ಷಕ್ಕೊಂದು ಕೊಲನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡೋದು) ಬೇಕಂತೆ. ಹೊಟ್ಟೆ ಚೆನ್ನಾಗೇ ಇದೆ, ಸುಮ್ನೆ ಯಾಕೆ ಅಂತಾನೆ. ಅಂದ ಹಾಗೆ ನಿನ್ನೆಯಿಂದ ಚಳಿಜ್ವರ, ಕಣ್ಣೂ ಸ್ವಲ್ಪ ಹಳದಿ. ಜ್ವರದ ಮಾತ್ರೆ ಕೊಟ್ಟಿದ್ದೇವೆ.

ಡಾಕ್ಟರ್: ಕೊನೆಯ ಸಾಲನ್ನು ಮೊದಲು ಬರೆಯಬೇಕಿತ್ತಮ್ಮ. ಪಿಎಸ್‌ಸಿ ಇದ್ದವರಿಗೆ ನಡುಗಿಸುವ ಜ್ವರದ ಜೊತೆ ಕಣ್ಣು ಹಳದಿಯಾದರೆ ಪಿತ್ತನಾಳ ಕಟ್ಟಿಕೊಂಡು ಸೋಂಕಾಗಿದೆ ಅಂತಲೇ ಹಿಡಿಯಬೇಕು. ಅದು ರಕ್ತಕ್ಕೆ ಹರಡಲು ಹೆಚ್ಚು ಹೊತ್ತು ಬೇಕಿಲ್ಲ. ಬೆಳಗಾಗಲಿ ಅನ್ನಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ. ಪಿಎಸ್‌ಸಿ ಇದೆ ಅಂತ ಹೋದ ತಕ್ಷಣ ಹೇಳಿ, ರಿಪೋರ್ಟ್ ಕೈಯಲ್ಲಿರಲಿ. ಆಂಟಿಬಯೋಟಿಕ್ ಬೇಕಾಗುತ್ತದೆ. ಕೆಲವರಿಗೆ ಇಆರ್‌ಸಿಪಿ ಮಾಡಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ, ನಾಳ ಹಿಗ್ಗಿಸಬೇಕಾಗುತ್ತದೆ.

ಉಳಿದದ್ದು ಆಮೇಲೆ ಓದಿ. ಪಿಎಸ್‌ಸಿ ಜೊತೆಗಿನ ಕೊಲೈಟಿಸ್ ಮೋಸಗಾರ. ಎಷ್ಟೋ ಸಲ ರಕ್ತ ಬೀಳಲ್ಲ, ಭೇದಿ ಇರಲ್ಲ, ಗುದನಾಳ ಸರಿಯಾಗೇ ಕಾಣಬಹುದು. ಆದರೆ ದೊಡ್ಡ ಕರುಳಿನ ಬಲಭಾಗದಲ್ಲಿ ಉರಿಯೂತ ಇರುತ್ತದೆ. ಬರೀ ಕೊಲೈಟಿಸ್ ಇದ್ದವರಿಗಿಂತ ಇವರಿಗೆ ಕರುಳಿನ ಕ್ಯಾನ್ಸರ್ ಅಪಾಯ ಜಾಸ್ತಿ. ಅದಕ್ಕೇ ಪಿಎಸ್‌ಸಿ ಪತ್ತೆಯಾದ ದಿನದಿಂದ ವರ್ಷ ವರ್ಷ ಕೊಲನೋಸ್ಕೋಪಿ, ಬಯಾಪ್ಸಿ (ಕರುಳಿನ ತುಣುಕು ತೆಗೆದು ಪರೀಕ್ಷೆ) ಸಮೇತ. ಹೊಟ್ಟೆ ಚೆನ್ನಾಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಸದಸ್ಯ 1: ಕೊಲೈಟಿಸ್ ಇದ್ದವರಿಗೆಲ್ಲ ಪಿಎಸ್‌ಸಿ ಬರುತ್ತಾ?

ಡಾಕ್ಟರ್: ಇಲ್ಲ. ನೂರಕ್ಕೆ ಸುಮಾರು 5 ಜನಕ್ಕೆ. ಆದರೆ ಪಿಎಸ್‌ಸಿ ಇದ್ದವರಲ್ಲಿ ನೂರಕ್ಕೆ ಸುಮಾರು 70 ಜನಕ್ಕೆ ಕರುಳಿನ ಕಾಯಿಲೆ ಇರುತ್ತದೆ.

ಸದಸ್ಯ 2: ನನಗೆ ರಾತ್ರಿಯಿಡೀ ಅಂಗಾಲು ತುರಿಕೆ. ಪಿತ್ತದಿಂದಲೇ ಇರಬಹುದಾ?

ಸದಸ್ಯ 3: ಫಾರ್ವರ್ಡ್ ಬಂದಿತ್ತು: ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಸೇರಿಸಿ ಕುಡಿದರೆ ಪಿತ್ತನಾಳ ಕ್ಲೀನ್. ಬೆಳಿಗ್ಗೆ ಹಸಿರು ಕಲ್ಲು ಬೀಳುತ್ತವೆ. ನಾನೇ ಕಣ್ಣಾರೆ ನೋಡಿದ್ದೇನೆ.

ಡಾಕ್ಟರ್: ನೋಡಿದ್ದು ಕಲ್ಲಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನಂತೆ ಉಂಡೆಕಟ್ಟಿ ಬಂದದ್ದು. ಪಿಎಸ್‌ಸಿಯಲ್ಲಿ ನಾಳದ ಗೋಡೆ ಕಲೆಗಟ್ಟಿ ಕಿರಿದಾಗಿರುತ್ತದೆ, ಎಣ್ಣೆಗೆ ಅದು ಹಿಗ್ಗಲ್ಲ. ಫಾರ್ವರ್ಡ್ ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ?

ಸದಸ್ಯ 4: ದೊಡ್ಡ ಕರುಳು ತೆಗೆಸಿದರೆ ಲಿವರ್ ಸರಿಹೋಗುತ್ತಾ?

ಡಾಕ್ಟರ್: ಇಲ್ಲ.

ಸದಸ್ಯ 5: ಪಿತ್ತ ಹರಿಯೋಕೆ ಕೊಡೋ ಉರ್ಸೋ ಮಾತ್ರೆ ಜಾಸ್ತಿ ತಗೊಂಡ್ರೆ?

ಡಾಕ್ಟರ್: ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 28–30 ಮಿಲಿಗ್ರಾಂ ಕೊಟ್ಟು ನೋಡಿದ್ದಾರೆ. ರಕ್ತದ ರಿಪೋರ್ಟ್ ಸುಧಾರಿಸಿತು, ರೋಗಿಗಳಿಗೆ ತೊಂದರೆಯೇ ಹೆಚ್ಚಾಯಿತು. ನೀವಾಗಿ ಡೋಸ್ ಏರಿಸಬೇಡಿ.

ಸದಸ್ಯ 3: ನನ್ನ ರಿಪೋರ್ಟ್ ನಾರ್ಮಲ್ ಆಗಿದ್ದು ಎಣ್ಣೆಯಿಂದಲೇ.

ಸದಸ್ಯ 5: ರಿಪೋರ್ಟ್ ನಾರ್ಮಲ್ ಆದ ಮಾತ್ರಕ್ಕೆ ವಾಸಿಯಾಯ್ತು ಅಂತಲ್ಲ ಸ್ವಾಮಿ. ಮೇಲೆ ಓದಿದ್ರಾ?

ಸದಸ್ಯ 3: ನೀವೇನು ಡಾಕ್ಟರಾ?

ಸದಸ್ಯ 5: ನೀವಂತೂ ಅಲ್ಲ, ಅಲ್ವಾ?

ಸದಸ್ಯ 4: ಮತ್ತೆ ಕೇಳ್ತೀನಿ, ಕರುಳು ತೆಗೆಸಿದರೆ ಸ್ವಲ್ಪವಾದರೂ...

ಡಾಕ್ಟರ್: ಸ್ವಲ್ಪವೂ ಇಲ್ಲ.

ಅಕ್ಕ: ಎಮರ್ಜೆನ್ಸಿಯಲ್ಲಿದ್ದೇವೆ. ಡ್ರಿಪ್ ಹಾಕಿದ್ದಾರೆ.

ಡಾಕ್ಟರ್: ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಸೋಂಕಿದೆಯಾ ನೋಡುವ ಪರೀಕ್ಷೆಗೆ) ರಕ್ತ ತೆಗೆದರಾ ಕೇಳಿ. ಎಣ್ಣೆ ಜಗಳದವರು ದಯವಿಟ್ಟು ಬೇರೆಲ್ಲಾದರೂ ಹೋಗಿ.

ಸದಸ್ಯ 2: ತುರಿಕೆ ಬಗ್ಗೆ ಕೇಳಿದ್ದೆ.

ಸದಸ್ಯ 3: ಸತ್ಯ ಹೇಳಿದವರಿಗೆ ಇಲ್ಲಿ ಜಾಗ ಇಲ್ಲ ಬಿಡಿ.